ಕೂಡ್ಲಿಗಿ ಏರಿಗೆ ಎಂಟು ಬೋಗಿ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಕರೆಂಟ್ ಬಿಲ್ಲನ್ನು ಅವುಚಿಕೊಂಡು ಕೂತಿರುವ ಒಂದು ಕರಿಯ ಅಯಸ್ಕಾಂತ ಇದೆ. ಉಗುರಿನಷ್ಟು ಗಾತ್ರ, ಒಣಕೊಬ್ಬರಿ ಚೂರಿನಂತೆ ಬಾಗಿದ ಮೈ. ಮೊನ್ನೆ ಪಕ್ಕದ ಮನೆಯವರು ಅದನ್ನು ನೋಡಿ, "ಟೀಚರ್, ಒಂದು ಚಂದದ ಹೂವಿಂದಾದರೂ ತರಬಾರದೇನ್ರಿ?" ಎಂದರು. ನಾನು ನಕ್ಕು ಚಹಾ ಕೊಟ್ಟೆ. ಅದು ಸುಟ್ಟುಹೋದ ಒಂದು ಮೋಟರಿನ ಹೊಟ್ಟೆಯಿಂದ ತೆಗೆದದ್ದು, ಆ ಮೋಟರು ನನ್ನ ಊಟದ ಡಬ್ಬಿಯ ಚೀಲದಲ್ಲಿ ಕೊಟ್ಟೂರಿಗೂ ಹಗರಿಬೊಮ್ಮನಹಳ್ಳಿಗೂ ಬಸ್ಸಿನಲ್ಲಿ ಓಡಾಡಿದೆ ಎಂದು ಹೇಳಲು ಹೊರಟಿದ್ದರೆ ಅವರ ಚಹಾ ಆರಿಹೋಗುತ್ತಿತ್ತು. ನಿಮಗಾದರೆ ಹೇಳಬಹುದು, ನಿಮಗೆ ಗಡಿಬಿಡಿ ಇದ್ದಂತಿಲ್ಲ.

ನಾನು ಇರುವುದು ಕೊಟ್ಟೂರಿನಲ್ಲಿ, ಪಾಠ ಮಾಡುವುದು ಹಗರಿಬೊಮ್ಮನಹಳ್ಳಿಯ ಪಿಯು ಕಾಲೇಜಿನಲ್ಲಿ. ವಿಷಯ ಭೌತಶಾಸ್ತ್ರ. ನನ್ನ ಗಂಡ ಕೊಟ್ರೇಶನಿಗೆ ಬಸ್ ಸ್ಟ್ಯಾಂಡಿನ ಹಿಂದೆ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ ಇದೆ. ಹೊಸಹಳ್ಳಿ, ಕೋಗಳಿ ಕಡೆಯಿಂದ ಸುಟ್ಟ ಬೋರ್‌ವೆಲ್ ಮೋಟರುಗಳು ಟ್ರ್ಯಾಕ್ಟರ್ ಏರಿ ಬಂದು ಅವನ ಅಂಗಳದಲ್ಲಿ ಮಲಗಿರುತ್ತವೆ. ಗಂಡನನ್ನು ಹೀಗೆ ಏಕವಚನದಲ್ಲಿ ಕರೆಯುವುದಕ್ಕೆ ನಮ್ಮತ್ತೆ ಇವತ್ತಿಗೂ ಹುಬ್ಬು ಗಂಟಿಕ್ಕುತ್ತಾರೆ. ಏನು ಮಾಡಲಿ, ಅವನು ಗಂಡನಾಗುವುದಕ್ಕೆ ಮೊದಲು ನನ್ನ ಅಣ್ಣನ ಗೆಳೆಯ. ಅಣ್ಣ ಗೌತಮ ಮತ್ತು ಅವನು ಐಟಿಐನಲ್ಲಿ ಒಂದೇ ಬೆಂಚಿನವರು, ಇಬ್ಬರದೂ ಎಲೆಕ್ಟ್ರಿಷಿಯನ್ ಟ್ರೇಡು. ಒಬ್ಬ ಮೋಟರ್ ಸುತ್ತುವವನಾದ, ಇನ್ನೊಬ್ಬ ಮೋಟರ್ ಮೇಲೆ ಕೂತು ಓಡಿಸುವವನಾದ. ಅಣ್ಣ ರೈಲಿನ ಇಂಜಿನ್ ಚಾಲಕನಾಗಿದ್ದು, ಹೋದ ವರ್ಷ ನಿವೃತ್ತನಾಗಿ ಹಗರಿಬೊಮ್ಮನಹಳ್ಳಿಯಲ್ಲಿ ಮನೆ ಮಾಡಿಕೊಂಡ.

ಈ ಇಬ್ಬರೂ ಇಪ್ಪತ್ತೈದು ವರ್ಷದಿಂದ ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ. ನನ್ನ ಮದುವೆಗೆ ಎಷ್ಟು ವರ್ಷವೋ ಅವರ ಮೌನಕ್ಕೂ ಅಷ್ಟೇ ವರ್ಷ. ಅದರ ಕಾರಣವನ್ನು ಸ್ವಲ್ಪ ಮುಂದೆ ಹೇಳುತ್ತೇನೆ. ಮೊದಲು ರೈಲು.

ಅಣ್ಣನಿಗೆ ರೈಲಿನ ಹುಚ್ಚು ಹುಟ್ಟಿನಿಂದಲೇ ಬಂದದ್ದು. ನಮ್ಮಪ್ಪ ಕೊಟ್ಟೂರು ಲೈನಿನಲ್ಲಿ ಹಳಿ ಕಾಯುವ ಕೆಲಸದವರು. ಆಗ ಮೀಟರ್ ಗೇಜು. ಮಳೆಗಾಲ ಹತ್ತಿರ ಬಂದಾಗ ಜಾಲಿ ಗಿಡದಲ್ಲಿ ಹಸಿರು ಬಣ್ಣದ ಜೀರಂಗಿ ಹುಳ ಸಿಗುತ್ತಿತ್ತು. ಅದರ ಕೊರಳಿಗೆ ದಾರ ಕಟ್ಟಿ, ದಾರಕ್ಕೆ ಖಾಲಿ ಬೆಂಕಿಪೊಟ್ಟಣ ಕಟ್ಟಿ, ಪೊಟ್ಟಣಕ್ಕೆ ಪೊಟ್ಟಣ ಪೋಣಿಸಿ ಅಣ್ಣ ರೈಲು ಮಾಡುತ್ತಿದ್ದ. ಒಳ್ಳೆಯ ಜೀರಂಗಿ ಮೂರು ಪೊಟ್ಟಣ ಎಳೆಯುತ್ತಿತ್ತು. ನಾಲ್ಕನೆಯದು ಕಟ್ಟಿದರೆ ಸಿಟ್ಟಾಗಿ ಇಡೀ ರೈಲನ್ನು ಎತ್ತಿಕೊಂಡು ಹಾರಲು ನೋಡುತ್ತಿತ್ತು. ನಾನು ಗಾರ್ಡು. ನನ್ನ ಕೆಲಸ ಹಸಿರು ಎಲೆ ಬೀಸುವುದು. ಜೀರಂಗಿ ಆ ಎಲೆಯನ್ನೇ ತಿನ್ನಲು ನಿಂತುಬಿಟ್ಟಾಗ ಅಣ್ಣ ನನ್ನ ತಲೆಗೆ ಮೊಟಕುತ್ತಿದ್ದ.

ಅಂಥವನು ನಿವೃತ್ತನಾಗಿ ಸುಮ್ಮನೆ ಕೂರುತ್ತಾನೆಯೇ? ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ ದೊಡ್ಡ ಪ್ಲೈವುಡ್ ಹಲಗೆ ಹಾಸಿ, ಬೆರಳಗಲದ ಹಳಿ ಜೋಡಿಸಿ, ನಮ್ಮ ಸೀಮೆಯನ್ನೇ ಅದರ ಮೇಲೆ ಕಟ್ಟಿದ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ, ತೆಲಿಗಿ ನಿಲ್ದಾಣಗಳು ಕ್ರಮವಾಗಿ ಬಂದವು. ಅಲ್ಲಿಗೆ ನಿಲ್ಲಿಸಿದ್ದರೆ ಅವನು ನನ್ನಣ್ಣನಲ್ಲ. ರೈಲನ್ನೇ ಕಾಣದ ಹಡಗಲಿಗೂ ಕೂಡ್ಲಿಗಿಗೂ ತಾನೇ ಲೈನ್ ಮಂಜೂರು ಮಾಡಿದ. "ಅವರೇನು ಪಾಪ ಮಾಡ್ಯಾರ? ನನ್ನ ಹಲಗಿ ಮ್ಯಾಲ ಜಾಗ ಐತಿ, ಕೊಟ್ಟೀನಿ" ಎಂದ. ಕೂಡ್ಲಿಗಿ ಕಡೆ ಬಂಡೆಗುಡ್ಡ ಜಾಸ್ತಿ ಎಂದು ಥರ್ಮಾಕೋಲಿನಲ್ಲಿ ಗುಡ್ಡ ಕೊರೆದು ಆ ಲೈನಿಗೆ ಒಂದು ಏರು ಕೊಟ್ಟ. ಎಲ್ಲ ತೊಂದರೆ ಆ ಏರಿನಿಂದಲೇ ಶುರುವಾಯಿತು.

ಅವನ ಇಂಜಿನ್ನು ಅಂಗೈ ಉದ್ದದ್ದು. ಸಪಾಟು ದಾರಿಯಲ್ಲಿ ಎಂಟು ಬೋಗಿ ಎಳೆದುಕೊಂಡು ತೆಲಿಗಿ ಮುಟ್ಟುತ್ತಿತ್ತು. ಕೂಡ್ಲಿಗಿ ಏರಿಗೆ ಬಂದರೆ ನಾಲ್ಕೇ ಬೋಗಿ. ಐದನೆಯದು ಹಾಕಿದರೆ ನಡುವೆ ನಿಂತು ಗುಂಯ್ ಎನ್ನುತ್ತಿತ್ತು. ಹೀಗೆ ಗುಂಯ್‌ಗುಡುತ್ತ ಒಂದು ದಿನ ಮೋಟರು ಸುಟ್ಟೇಹೋಯಿತು. ಮಾರನೆಯ ದಿನ ನಾನು ಕಾಲೇಜು ಮುಗಿಸಿ ಅವನ ಮನೆಗೆ ಹೋದಾಗ ಅದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟ.

"ಕೊಟ್ಟೂರಾಗ ಯಾರರ ರಿವೈಂಡಿಂಗ್ ಮಾಡೋರು ಇದ್ರ ತೋರಿಸು."

ಯಾರಾದರೂ ಇದ್ದರೆ! ನಾನು ಅವನ ಮುಖ ನೋಡಿದೆ, ಅವನು ಗೋಡೆ ನೋಡಿದ. ಅತ್ತಿಗೆ ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದು ಕೊಟ್ರೇಶನಿಗೆ, "ಕಾಲೇಜಿನ ಲ್ಯಾಬಿಂದು" ಎಂದು ಸುಳ್ಳು ಹೇಳಿದೆ. ಅವನು ಕನ್ನಡಕ ಏರಿಸಿ ಅದನ್ನು ಬಿಚ್ಚಿದ. ಒಳಗೆ ತಿರುಗುವ ತಿರುಳು, ಮೂರು ಹಲ್ಲಿನ ಪುಟ್ಟ ಆರ್ಮೇಚರು, ಹಲ್ಲುಗಳಿಗೆ ಸುತ್ತಿದ ಕೂದಲಿಗಿಂತ ಸಣ್ಣ ತಂತಿ. "ನಿಮ್ಮ ಲ್ಯಾಬಿನ್ಯಾಗ ರೈಲ್ ಓಡಿಸ್ತಾರೇನು? ಇದಕ್ಕ ಇಂಜಿನ್ ಹಸಿರು ಬಣ್ಣ ಹತ್ತೇತಿ" ಎಂದ. ನಾನು ಸೊಪ್ಪು ಸೋಸುವುದರಲ್ಲಿ ಮುಳುಗಿದೆ. ಅವನು ಮುಂದೆ ಕೇಳಲಿಲ್ಲ. ಐದು ಕುದುರೆಶಕ್ತಿ, ಹತ್ತು ಕುದುರೆಶಕ್ತಿಯ ಮೋಟರುಗಳು ಅಂಗಳದಲ್ಲಿ ಕಾದು ಕೂತಿರುವಾಗ ಎರಡು ದಿನ ಅಂಗಡಿಯ ಮೂಲೆಯಲ್ಲಿ ಭೂತಗನ್ನಡಿ ಹಿಡಿದು ಆ ನೊಣದಂಥ ಮೋಟರನ್ನು ಸುತ್ತಿದ. ಕೊಡುವಾಗ, "ಮೂರು ಹಲ್ಲಿಂದು ಇಷ್ಟ. ಎಳಕೋತ ನಿಲ್ಲಕೋತ ಹೊಕ್ಕೈತಿ. ಲ್ಯಾಬಿನೋರಿಗೆ ಹೇಳು, ಐದು ಹಲ್ಲಿಂದು ನೋಡ್ರಿ ಅಂತ" ಎಂದ.

ಲ್ಯಾಬಿನೋರಿಗೆ ಹೇಳಿದೆ. ಲ್ಯಾಬಿನೋರು, "ಐದು ಹಲ್ಲಿಂದು ನನಗ ಗೊತ್ತಿಲ್ಲೇನು? ಅಂವಗ ಹೇಳು, ನಾನು ಮೂವತ್ತು ವರ್ಷ ಡಿಸಿ ಸೀರೀಸ್ ಮೋಟರ್ ಮ್ಯಾಲ ಕುಂತೀನಿ. ನಿಂತ ಜಾಗದಾಗಿಂದ ಗಾಡಿ ಎತ್ತಬೇಕಾದ್ರ ಅದ್ಕ ಸಾಟಿ ಇಲ್ಲ" ಎಂದರು. ಇದಕ್ಕೆ ಕೊಟ್ಟೂರಿನ ಉತ್ತರ: "ಈಗಿನ ರೈಲಿಗೆಲ್ಲ ತ್ರೀ ಫೇಸ್ ಮೋಟರು. ಬ್ರಷ್ಷಿಲ್ಲ, ಕಿಡಿ ಇಲ್ಲ. ಅವನ ಸೀರೀಸ್ ಮೋಟರ್ ನಮ್ಮನಿ ಮಿಕ್ಸರಿನ್ಯಾಗ ಐತಿ, ಚಟ್ನಿ ರುಬ್ಬತೈತಿ ಅನ್ನು." ನೋಡಿ, ಲ್ಯಾಬು ಅಷ್ಟರಲ್ಲಿ 'ಅವನು' ಆಗಿತ್ತು. ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ನಾನು ಸೀರೀಸ್ ಮತ್ತು ತ್ರೀ ಫೇಸ್ ನಡುವೆ ದಿನಾ ಬಸ್ಸಿನಲ್ಲಿ ಓಡಾಡುವ ಅಂಚೆಯವಳಾದೆ.

ನಾಲ್ಕು ತಿಂಗಳು ಹೀಗೆ ನಡೆಯಿತು. ಕೊಟ್ರೇಶ ಅಟ್ಟದ ಮೇಲಿಂದ ಹಳೆಯ ಟೇಪ್ ರೆಕಾರ್ಡರ್ ಇಳಿಸಿ ಅದರ ಮೋಟರ್ ತೆಗೆದು ಕಳಿಸಿದ. ಅದು ಬೆಣ್ಣೆಯಂತೆ ತಿರುಗುತ್ತಿತ್ತು, ಸದ್ದೇ ಇಲ್ಲ. ಆದರೆ ಹಾಡು ಒಂದೇ ವೇಗದಲ್ಲಿ ಬರಲಿ ಎಂದು ಅದರೊಳಗೆ ಒಂದು ಕಡಿವಾಣ ಇಟ್ಟಿರುತ್ತಾರೆ. ನಿಧಾನ ಹೋಗು ಎಂದರೆ ಕೇಳುವುದಿಲ್ಲ, ಹಿಂದೆ ಬಾ ಎಂದರಂತೂ ಬರುವುದೇ ಇಲ್ಲ. ಅಂಥವರಿಬ್ಬರನ್ನು ನಾನು ಆಗಲೇ ಬಲ್ಲೆನಾದ್ದರಿಂದ ಆಶ್ಚರ್ಯವಾಗಲಿಲ್ಲ. ಏರಿನಲ್ಲಿ ಮೂರು ಬೋಗಿ. ಆಮೇಲೆ ಅಣ್ಣನೇ ಎಲ್ಲಿಂದಲೋ ಕಬ್ಬಿಣದ ತಿರುಳಿಲ್ಲದ, ಬರೀ ತಂತಿಯ ಬುಟ್ಟಿಯೇ ತಿರುಗುವ ಹೊಸ ಬಗೆಯ ಮೋಟರು ತರಿಸಿದ. ಅದರ ಓಟ ಏನು ನಾಜೂಕು! ಬಸವನಹುಳುವಿನಂತೆ ತೆವಳು ಎಂದರೂ ತೆವಳುತ್ತಿತ್ತು. ಏರಿನಲ್ಲಿ ಐದು ಬೋಗಿ ಎಳೆಯಿತು. ಆರನೆಯದಕ್ಕೆ ಹಠ ಹಿಡಿದಾಗ, ಕಾವು ಹೀರಲು ಒಳಗೆ ಕಬ್ಬಿಣವಿಲ್ಲವಲ್ಲ, ಹತ್ತೇ ನಿಮಿಷದಲ್ಲಿ ಕರಕಲು ವಾಸನೆ ಬಂತು. ಅದನ್ನು ಕೊಟ್ರೇಶನಿಗೆ ತಂದು ಕೊಟ್ಟಾಗ ಅವನ ಮುಖದಲ್ಲಿ ಹಬ್ಬ. "ನಾಜೂಕಿನೋರು ಏರು ಹತ್ತಂಗಿಲ್ಲ ಅನ್ನು!"

ಕೊನೆಗೆ ನಮ್ಮ ಕಾಲೇಜಿನ ಕಚೇರಿಯಲ್ಲಿ ಕೆಟ್ಟು ಬಿದ್ದಿದ್ದ ಪ್ರಿಂಟರನ್ನು ಪ್ರಿನ್ಸಿಪಾಲರನ್ನು ಕೇಳಿ ತಂದೆ. ಅದರಲ್ಲಿ ಸಿಕ್ಕಿತು ನೋಡಿ, ಐದು ಹಲ್ಲಿನ ಮೋಟರು, ಹಲ್ಲುಗಳೂ ತಿರುಗುವಾಗ ತಡೆಯದಂತೆ ಓರೆಯಾಗಿ ಕೊರೆದಂಥವು. ಕೊಟ್ರೇಶ ಅದಕ್ಕೊಂದು ಹಿತ್ತಾಳೆಯ ಭಾರದ ಚಕ್ರ ಕೂರಿಸಿ, "ಇದು ಎಂಟಲ್ಲ, ಹತ್ತು ಎಳಿತೈತಿ" ಎಂದು ಕಳಿಸಿದ. ಅಣ್ಣ ಜೋಡಿಸಿದ. ಬೋಗಿ ಎಂಟು ಹಾಕಿದ. ಇಂಜಿನ್ನು ಏರಿನ ಬುಡಕ್ಕೆ ಬಂತು. ಮೋಟರು ನಿಲ್ಲಲಿಲ್ಲ, ಸುಸ್ತೂ ಆಗಲಿಲ್ಲ, ಗಾಲಿಗಳು ಝರ್ರನೆ ತಿರುಗಿದವು. ಇಂಜಿನ್ನು ಮಾತ್ರ ನಿಂತಲ್ಲೇ ನಿಂತಿತ್ತು. ಅಣ್ಣ ಸೈಕಲ್ಲಿನ ವಾಲ್ವ್ ಟ್ಯೂಬು ಕತ್ತರಿಸಿ ಗಾಲಿಗಳಿಗೆ ರಬ್ಬರ್ ಬಳೆ ತೊಡಿಸಿದ. ಹಿಡಿತ ಬಂತು, ಆದರೆ ಹಳಿಯಿಂದ ಕರೆಂಟು ಗಾಲಿಗೆ ಹತ್ತಬೇಕಲ್ಲ, ಅದು ತಪ್ಪಿತು. ಬಳೆ ಬಿಚ್ಚಿದ.

ನನ್ನ ಮಾನ ಹೋದದ್ದು ಮರುದಿನ. ತರಗತಿಯಲ್ಲಿ ಘರ್ಷಣೆಯ ಪಾಠ. ಬೋರ್ಡಿನ ಮೇಲೆ, ಜಾರುವ ಮೊದಲು ಸಿಗುವ ಗರಿಷ್ಠ ಘರ್ಷಣೆ ವಸ್ತುವಿನ ಭಾರಕ್ಕೆ ತಕ್ಕಷ್ಟು ಎಂದು ಬರೆಯುತ್ತಿದ್ದವಳ ಚಾಕ್‌ಪೀಸು ಅಲ್ಲೇ ನಿಂತಿತು. ಇಪ್ಪತ್ತು ವರ್ಷದಿಂದ ಇದೇ ಸಾಲು ಬರೆಯುತ್ತಿದ್ದೇನೆ. ಎಂಥ ಭೀಮನಂಥ ಮೋಟರಿದ್ದರೂ ಗಾಲಿಯ ಮೇಲೆ ಭಾರವಿಲ್ಲದಿದ್ದರೆ ಹಳಿಯ ಹಿಡಿತ ಸಿಗದು, ಎಳೆಯುವ ಶಕ್ತಿಯ ಅರ್ಧ ಇರುವುದು ಮೋಟರಿನಲ್ಲಲ್ಲ, ಇಂಜಿನ್ನಿನ ತೂಕದಲ್ಲಿ. ಅಷ್ಟು ತಿಂಗಳು ಮೋಟರಿಗೆ ಮೋಟರು ಹೊತ್ತು ತಿರುಗಿದ ಭೌತಶಾಸ್ತ್ರದ ಉಪನ್ಯಾಸಕಿಗೆ ಅದು ಹೊಳೆದಿರಲಿಲ್ಲ.

ಸಂಜೆ ಕೊಟ್ರೇಶನಿಗೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. "ಇಷ್ಟ ದಿನ ಯಾಕ ಬಾಯಿ ಮುಚ್ಕೊಂಡಿದ್ದಿ, ಟೀಚರಮ್ಮ?" ಆಮೇಲೆ ನಗು ನಿಲ್ಲಿಸಿ ಬೆರಳು ಮಡಚುತ್ತ ಲೆಕ್ಕ ಹಾಕಿದ. "ಸೀಸ ಕರಗಿಸಿ ಹಾಕಬೇಕು. ಎರಡೂ ಕಡೆ ಗಾಲಿಗೆ ಸಮ ಬೀಳಬೇಕು. ಇಲ್ಲೇ ಕುಂತು ಮಾಡಾಕ ಬರಂಗಿಲ್ಲ. ಹಳಿ ನೋಡಬೇಕು, ಏರು ನೋಡಬೇಕು." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಭಾನುವಾರ ಅಂವ ಮನ್ಯಾಗ ಇರ್ತಾನೇನು, ಗೌತಮ?"

ಇಪ್ಪತ್ತೈದು ವರ್ಷದಲ್ಲಿ ಆ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಈಗ ಆ ಕಾರಣ ಹೇಳಬೇಕು. ನಮ್ಮದು ಬುದ್ಧನ ಪಟ ಇರುವ ಮನೆ, ಅವರದು ವಿಭೂತಿಯ ಮನೆ. ಐಟಿಐ ದಿನಗಳಲ್ಲಿ ಕೊಟ್ರೇಶ ನಮ್ಮಲ್ಲಿ ಉಂಡದ್ದಕ್ಕೆ ಲೆಕ್ಕವಿಲ್ಲ. ಅಣ್ಣನ ತಟ್ಟೆಯಿಂದಲೇ ರೊಟ್ಟಿ ಹರಿದು ತಿನ್ನುತ್ತಿದ್ದವನು. ನನ್ನದೂ ಕೊಟ್ರೇಶನದೂ ರಿಜಿಸ್ಟರ್ ಮದುವೆ. ಆಮೇಲೆ ಅಣ್ಣ ಬೀಗರಿಗೆಂದು ಊಟ ಇಟ್ಟುಕೊಂಡ. ಅವರಿಗೆ ಒಗ್ಗಲೆಂದು ಎಲ್ಲ ಸಸ್ಯಾಹಾರ, ಹೋಳಿಗೆ, ಹೊಸ ತಟ್ಟೆ. ನಮ್ಮ ಮಾವನವರೂ ಅವರ ಇಬ್ಬರು ತಮ್ಮಂದಿರೂ ಬಂದರು, ಕೂತರು, ತಟ್ಟೆ ಬಂದಾಗ "ಈಗಷ್ಟ ಉಂಡು ಬಂದೀವ್ರಿ" ಎಂದು ಒಂದೊಂದು ಬಾಳೆಹಣ್ಣು ಹಿಡಿದು ಎದ್ದರು. ಅಣ್ಣ ಅವರನ್ನು ತಡೆಯಲಿಲ್ಲ. ಕೊಟ್ರೇಶನ ಕಡೆ ನೋಡಿದ. ಕೊಟ್ರೇಶ ತನ್ನ ಅಪ್ಪನ ಕಡೆ ನೋಡಿದ. "ನನಗೂ ಹೊಟ್ಟಿ ತುಂಬೇತಿ" ಎಂದು ಅವನೂ ಎದ್ದ.

ಅಷ್ಟೇ. ಅಣ್ಣ ಪಾತ್ರೆಗಳಿಗೆ ಮುಚ್ಚಳ ಹಾಕಿದ. ನಾನು ಆ ರಾತ್ರಿಯಿಂದ ಆರು ತಿಂಗಳು ಕೊಟ್ರೇಶನ ಜೊತೆ ಜಗಳವಾಡಿದೆ. ಅವನು ಅತ್ತ, ತಪ್ಪಾಯಿತು ಎಂದ. ನನಗೆ ಸಿಟ್ಟು ಇಳಿಯಿತು. ಆದರೆ ತಪ್ಪಾಯಿತು ಎಂದು ನನಗೆ ಹೇಳಿದರೆ ಸಾಲದಲ್ಲ, ಅಣ್ಣನಿಗೆ ಹೇಳಬೇಕಿತ್ತು. ಮೊದಲ ವರ್ಷ ನಾಚಿಕೆಯಿಂದ ಹೋಗಲಿಲ್ಲ. ಎರಡನೆಯ ವರ್ಷ, ಮೊದಲ ವರ್ಷ ಹೋಗಲಿಲ್ಲವಲ್ಲ ಎಂಬ ನಾಚಿಕೆಯೂ ಸೇರಿತು. ಹೀಗೆ ಅದು ಬೆಳೆಯುತ್ತ ಹೋಯಿತು. ನಾನು ತವರಿಗೆ ಒಬ್ಬಳೇ ಹೋಗಿ ಬರುವುದನ್ನು ರೂಢಿ ಮಾಡಿಕೊಂಡೆ.

ಭಾನುವಾರ ಬೆಳಿಗ್ಗೆ ಹಗರಿಬೊಮ್ಮನಹಳ್ಳಿಗೆ ಹೋದೆವು. ಕೊಟ್ರೇಶನ ಚೀಲದಲ್ಲಿ ಟೈರ್ ಅಂಗಡಿಯಿಂದ ತಂದ ಸೀಸದ ತುಂಡುಗಳು, ಕರಗಿಸುವ ಸೌಟು, ಅರ. ಅಣ್ಣ ಬಾಗಿಲಲ್ಲಿ ನಿಂತಿದ್ದ. ಇಬ್ಬರ ತಲೆಯೂ ಬೆಳ್ಳಗಾಗಿರುವುದನ್ನು ಇಬ್ಬರೂ ಹತ್ತಿರದಿಂದ ಅವತ್ತೇ ನೋಡಿದ್ದು. ಅಣ್ಣ ನನಗೆ, "ಮ್ಯಾಲ ಕರ್ಕೊಂಡು ಹೋಗು" ಎಂದ.

ತಗಡಿನ ಕೋಣೆಯಲ್ಲಿ ಮುಂದಿನ ಎರಡು ಗಂಟೆ ನಾನು ಕಂಡ ನಾಟಕವನ್ನು ಯಾವ ಕಂಪನಿಯೂ ಆಡಿರಲಿಕ್ಕಿಲ್ಲ. ಇಬ್ಬರ ನಡುವೆ ಒಂದು ಮೊಳ ಅಂತರ. ನಡುವೆ ನಾನು.

"ಸುಜಾತಾ, ಆ ಸಣ್ಣ ಸ್ಕ್ರೂಡ್ರೈವರ್ ಕೊಡ್ತಾರೇನು ಕೇಳು." ಇದು ಅಣ್ಣ.

"ಸುಜಾತಾ, ಅದು ಅವನ ಮೊಣಕೈ ಕೆಳಗ ಐತಿ ಅನ್ನು." ಇದು ಕೊಟ್ರೇಶ.

"ಸುಜಾತಾ, ಮುಂದಿನ ಗಾಲಿಗೆ ಭಾರ ಜಾಸ್ತಿ ಆತು ಅನ್ನು. ಎರಡೂ ಕಡೆ ಸಮ ಬೀಳಬೇಕು, ಅದು ಗೊತ್ತಿಲ್ಲೇನು?"

"ಗೊತ್ತೈತಿ ಅನ್ನು! ಏರು ಹತ್ತುವಾಗ ಭಾರ ಹಿಂದಕ್ಕ ಸರಿತೈತಿ, ಅದಕ್ಕ ಮುಂದ ಜಾಸ್ತಿ ಇಟ್ಟೀನಿ ಅನ್ನು!"

ನಾನು ಒಂದು ಹಂತದಲ್ಲಿ "ಅನ್ನು" ಎನ್ನುವುದನ್ನೂ ಬಿಟ್ಟು ಬರೀ ಎಡಕ್ಕೂ ಬಲಕ್ಕೂ ತಿರುಗುತ್ತಿದ್ದೆ. ಇಂಜಿನ್ನಿನ ಹೊಟ್ಟೆಯಲ್ಲಿ ಇದ್ದಬದ್ದ ಜಾಗದಲ್ಲೆಲ್ಲ ಸೀಸ ಕೂತಿತು. ಅಣ್ಣ ಹಳಿಗೆ ಹತ್ತಿದ್ದ ಎಣ್ಣೆಯ ಜಿಡ್ಡನ್ನು ತನ್ನ ಬನಿಯನ್ನಿನ ತುದಿಯಿಂದಲೇ ಒರೆಸಿದ. ಬೋಗಿ ಎಂಟು. ಅಣ್ಣ ಕರೆಂಟು ನಿಧಾನಕ್ಕೆ ಏರಿಸಿದ.

ರೈಲು ಕೊಟ್ಟೂರು ದಾಟಿತು. ಏರಿನ ಬುಡಕ್ಕೆ ಬಂದು ತುಸು ತಡೆಯಿತು. ಗಾಲಿ ಒಮ್ಮೆ ಜಾರಿತು. ಮತ್ತೆ ಕಚ್ಚಿಕೊಂಡಿತು. ಎಂಟು ಬೋಗಿಗಳೂ ಒಂದರ ಹಿಂದೊಂದು ಬಿಗಿಯಾಗಿ, ಥರ್ಮಾಕೋಲ್ ಗುಡ್ಡದ ಬಳಸಿಗೆ ವಾಲಿಕೊಂಡು ಮೇಲೇರಿದವು. ಕೊನೆಯ ಬೋಗಿ ಗುಡ್ಡದ ನೆತ್ತಿ ದಾಟಿದ್ದೇ ತಡ ಅಣ್ಣ ಕೈ ಎತ್ತಿ ಗಟ್ಟಿಯಾಗಿ ಕೂಗಿದ:

"ಹತ್ತೇತಿ ನೋಡಲೇ ಕೊಟ್ರೇಶಿ! ಕೂಡ್ಲಿಗಿ ಮುಟ್ಟೇತಿ!"

ಕೂಗಿದ ಮೇಲೆ ತಾನು ಯಾರನ್ನು ಕೂಗಿದೆ ಎಂಬುದು ಅವನಿಗೆ ತಿಳಿಯಿತು. ಕೈ ಕೆಳಗಿಳಿಸಿದ. ರೈಲು ಕೂಡ್ಲಿಗಿಯಲ್ಲಿ ನಿಂತಿತು. ತಗಡಿನ ಮೇಲೆ ಕಾಗೆಯೊಂದು ನಡೆದಾಡುವ ಸದ್ದು ಕೇಳುತ್ತಿತ್ತು.

ಕೊಟ್ರೇಶ ಕೈಗೆ ಹತ್ತಿದ ಸೀಸದ ಪುಡಿಯನ್ನು ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ, ನೇರ ಅಣ್ಣನಿಗೇ ಹೇಳಿದ: "ಗೌತಮಾ, ಅವತ್ತು ನಾ ಸುಳ್ಳು ಹೇಳಿದೆ. ನನಗ ಹಸಿವಾಗಿತ್ತಲೇ. ಹೋಳಿಗಿ ವಾಸನಿ ಬರ್ತಿತ್ತು. ಅಪ್ಪನ ಮುಂದ ಬಾಯಿ ಬರಲಿಲ್ಲ. ತಪ್ಪು ನಂದ."

ಇಲ್ಲಿ ಅಣ್ಣ ಕಣ್ಣೀರು ಹಾಕಿ ತಬ್ಬಿಕೊಂಡ ಎಂದು ಬರೆದರೆ ನಿಮಗೂ ಹಿತ, ನನಗೂ ಹಿತ. ಅಣ್ಣ ಹಾಗೆ ಮಾಡಲಿಲ್ಲ. ಕೊನೆಯ ಬೋಗಿಯನ್ನು ಹಳಿಯ ಮೇಲೆ ಸರಿ ಮಾಡಿ ಕೂರಿಸಿದ. "ನಿಮ್ಮಪ್ಪಂದು ನನಗ ಬ್ಯಾಸರಿರಲಿಲ್ಲ," ಎಂದ. "ಅಂವ ನನಗ ಗೊತ್ತಿರಲಿಲ್ಲ. ನೀ ಗೊತ್ತಿದ್ದಿ." ಆಮೇಲೆ, "ನೀ ಒಬ್ಬನ ಬಂದು ಉಂಡ್ರ ಆಗಂಗಿಲ್ಲ. ಅವತ್ತು ಎದ್ದಿದ್ದು ಒಂದು ಮನಿತನ. ಮುಂದಿನ ಭಾನುವಾರ ನಿಮ್ಮವ್ವನ್ನ ಕರ್ಕೊಂಡು ಬಾ. ಇಬ್ರೂ ಉಣ್ರಿ. ಆಮ್ಯಾಲ ನೋಡೋಣ" ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಕೊಟ್ರೇಶ ಕಿಟಕಿಗೆ ತಲೆ ಕೊಟ್ಟು ಕೂತಿದ್ದ. ಮಾವನವರು ತೀರಿಕೊಂಡು ವರ್ಷಗಳಾದವು, ನಮ್ಮತ್ತೆಗೆ ಎಂಬತ್ತು ದಾಟಿದೆ. ಮದುವೆಯಾದ ಹೊಸತರಲ್ಲಿ ಎರಡು ವರ್ಷ ಬೇರೆ ಒಲೆ ಇಟ್ಟಿದ್ದವರು. ಒಂದು ಮಳೆಗಾಲ ಜ್ವರ ಬಂದು ಮಲಗಿದಾಗ ನನ್ನ ಕೈಯ ಗಂಜಿ ಕುಡಿದರು. ಎದ್ದ ಮೇಲೆ ತಮ್ಮ ಒಲೆಯನ್ನು ಹಿತ್ತಲಿಗೆ ಹಾಕಿಸಿದರು. ನನ್ನ ಕೈಯ ಅಡಿಗೆ ಉಣ್ಣುವುದು ಬೇರೆ, ನನ್ನ ತವರಿನಲ್ಲಿ ಹೋಗಿ ಕೂತು ಉಣ್ಣುವುದು ಬೇರೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಕೊಟ್ರೇಶ ಅಣ್ಣನ ಕರೆ ಮುಟ್ಟಿಸಿದಾಗ ಅತ್ತೆ ಅವರೆಕಾಳು ಬಿಡಿಸುತ್ತಿದ್ದರು. ಏನೂ ಅನ್ನಲಿಲ್ಲ. ಎರಡು ದಿನ ಹಾಗೇ ಹೋಯಿತು. ಕೊಟ್ರೇಶ ಅಂಗಡಿಯಲ್ಲಿ ಒಂದೇ ಮೋಟರನ್ನು ಎರಡು ಸಲ ತಪ್ಪು ಸುತ್ತಿದ. ಮೂರನೆಯ ದಿನ ನಾನು ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಕೇಳಿದರು: "ಬಸ್ಸಿನ್ಯಾಗ ಹೋಗೋದೋ, ರೈಲಿನ್ಯಾಗೋ?"

ನಾನು ಒಂದೇ ಚಪ್ಪಲಿಯಲ್ಲಿ ತಿರುಗಿ ನೋಡಿದೆ.

"ಯಾಕ ಹಂಗ ನೋಡ್ತಿ? ನಾ ಬರಂಗಿಲ್ಲ ಅಂದಿದ್ನೇನು? ಅವತ್ತು ಗಂಡಸ್ರು ಹೋಗ್ಯಾರ, ಗಂಡಸ್ರು ಎದ್ದಾರ. ನನ್ನ ಯಾರು ಕರದಿದ್ರು?"

ರೈಲಿನಲ್ಲೇ ಹೋದೆವು. ಅತ್ತೆ ಕಿಟಕಿ ಪಕ್ಕ ಕೂತು ಸೆರಗು ತಲೆಯ ಮೇಲೆ ಬಿಗಿ ಮಾಡಿಕೊಂಡರು. ಹಣೆಯಲ್ಲಿ ಮೂರು ಗೆರೆ ವಿಭೂತಿ, ಕೈಯಲ್ಲಿ ಉತ್ತತ್ತಿ, ಕೊಬ್ಬರಿಯ ಚೀಲ. ಅಣ್ಣ ನಿಲ್ದಾಣಕ್ಕೇ ಬಂದಿದ್ದ. ಅವರನ್ನು ಕೈ ಹಿಡಿದು ಇಳಿಸಿಕೊಂಡ. ಅವರು ಅವನ ಮುಖವನ್ನು ಒಂದು ಕ್ಷಣ ದಿಟ್ಟಿಸಿ, "ನೀನು ಇಂಜಿನ್ ಹೊಡೆಯೋನು ಅಲ್ಲೇನಪಾ? ಭಾಳ ಕುಲುಕಿಸ್ತಾರಪ್ಪ ನಿಮ್ಮೋರು" ಎಂದರು.

ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಹೋಳಿಗೆ. ಕೊಟ್ರೇಶ ತಲೆ ಎತ್ತದೆ ಉಣ್ಣುತ್ತಿದ್ದ. ಅತ್ತಿಗೆ ಬಡಿಸುತ್ತಿದ್ದಳು. ಅಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ, ಉಣ್ಣಲು ಕೂತಿರಲಿಲ್ಲ. ಅತ್ತೆ ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡರು. ಅಗಿದರು. ಎರಡನೆಯ ತುತ್ತು. ಮೂರನೆಯದು. ಆಮೇಲೆ ತಟ್ಟೆಯಿಂದ ಕಣ್ಣೆತ್ತಿ ಅತ್ತಿಗೆಯ ಕಡೆ ನೋಡಿದರು.

"ಪಲ್ಯಕ್ಕ ಉಪ್ಪು ಕಮ್ಮಿ ಆಗೇತಿ ನೋಡವಾ."

ಅಣ್ಣ ನಕ್ಕ. ಸಣ್ಣಗೆ ಶುರುವಾದ ನಗು ಹೊಟ್ಟೆಯಿಂದ ಬಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ತಾನೇ ಅಡಿಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದು ಅವರ ತಟ್ಟೆಯ ಪಕ್ಕ ಇಟ್ಟು, ಅವರೆದುರಿಗೇ ನೆಲದ ಮೇಲೆ ಕೂತ. "ನನಗೂ ಒಂದು ತಾಟು ಹಾಕು ಶಾಂತಾ" ಎಂದ.

ಅತ್ತೆ ಒಂದು ಚಿಟಿಕೆ ಉಪ್ಪು ಉದುರಿಸಿಕೊಂಡು, ಬೆರಳಲ್ಲಿ ಕಲಸಿ, ತಿಂದು ನೋಡಿದರು. "ಹಾಂ, ಈಗ ಸರಿ ಆತು" ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದರು.